ಅಂಚಿನಲ್ಲಿದ್ದ ಆಮೀಲಿ

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಬಸ್ಸು ನಿಲ್ಲುವ ಕಡೆ ಮೆಸ್ಸು ನಡೆಸುವ ಚಿಕ್ಕಬೀರಮ್ಮನಿಗೆ ಮಸ್ಕತ್ತಿನಿಂದ ಫೋನು ಬಂದಾಗ ಮಧ್ಯಾಹ್ನದ ಊಟದ ಗಲಾಟೆ ಆಗಷ್ಟೇ ತಗ್ಗಿತ್ತು. ಮಾಡಿದವರು ರಹ್ಮಾ. ಅವರ ತಂದೆ ಖಲ್ಫಾನ್ ಸಾಹೇಬರು ಅರಬ್ಬಿಯಲ್ಲಿ ಸಣ್ಣ ಕಥೆ ಬರೆದು ಹೆಸರು ಮಾಡಿದವರು. ಎರಡು ವರ್ಷದ ಹಿಂದೆ ಅವರು ತೀರಿಕೊಳ್ಳುವವರೆಗೆ, ಆರು ವರ್ಷ ಆ ಮನೆಯಲ್ಲಿ ಅಡುಗೆ ಮಾಡಿದ್ದವಳು ಚಿಕ್ಕಬೀರಮ್ಮ.

ಕ್ಷೇಮಸಮಾಚಾರ ಮುಗಿದರೂ ರಹ್ಮಾ ವಿಷಯಕ್ಕೆ ಬರಲು ಹಿಂದೆಮುಂದೆ ನೋಡಿದರು. ಕೊನೆಗೆ ಇಬ್ಬರಿಗೂ ಬರುತ್ತಿದ್ದ ಹರಕುಮುರುಕು ಹಿಂದಿಯಲ್ಲಿ ಹೇಳಿಕೊಂಡರು. ತಂದೆಯ ಹಸ್ತಪ್ರತಿಗಳನ್ನು ಪುಸ್ತಕಕ್ಕಾಗಿ ಜೋಡಿಸುತ್ತಿದ್ದಾರೆ. ಕಥೆಗಳ ಅಂಚಿನಲ್ಲಿ ಅಲ್ಲಲ್ಲಿ ಒಂದೇ ಪದವಿದೆ: ಆಮೀಲಿ. ಅಕ್ಷರ ಅರಬ್ಬಿಯದು, ಪದ ಅರಬ್ಬಿಯದಲ್ಲ. ಅದು ಸಾಹೇಬರು ಕೊನೆಗಾಲದಲ್ಲಿ ಗುಟ್ಟಾಗಿ ಪ್ರೀತಿಸಿದ ಹೆಂಗಸಿನ ಹೆಸರೆಂದು ಪ್ರೊಫೆಸರೊಬ್ಬರು ಹತ್ತೊಂಬತ್ತು ಪುಟದ ಲೇಖನವನ್ನೇ ಬರೆದಿದ್ದಾರೆ. ಆಮೀಲಿ ಅನ್ನುವವರು ಯಾರಾದರೂ ಮನೆಗೆ ಬಂದುಹೋಗುತ್ತಿದ್ದರೇ?

ಚಿಕ್ಕಬೀರಮ್ಮ ನೆನಪು ಕೆದಕಿದಳು. ಮೊಣಕಾಲು ನೋವು, ಸಕ್ಕರೆ ಕಾಯಿಲೆಯ ಎಂಬತ್ತರ ಮುದುಕರು. ಬರುತ್ತಿದ್ದ ಹೆಂಗಸೆಂದರೆ ಇಂಜೆಕ್ಷನ್ ಕೊಡುವ ನರ್ಸಮ್ಮ ಒಬ್ಬಳೇ. ಅವಳನ್ನು ಕಂಡರೆ ಸಾಹೇಬರಿಗೆ ಆಗುತ್ತಿರಲಿಲ್ಲ. ಆ ಪದವನ್ನು ಇನ್ನೊಂದು ಸಲ ಹೇಳಲು ಕೇಳಿದಳು. ರಹ್ಮಾ ಎಳೆದೆಳೆದು ಹೇಳಿ, ಅರಬ್ಬಿಯಲ್ಲಿ ಮೀ ಎಂದರೂ ಮೇ ಎಂದರೂ, ಲಿ ಎಂದರೂ ಲೆ ಎಂದರೂ ಬರೆಯುವುದು ಒಂದೇ ಥರ, ಆಮೇಲೆ ಎಂದೂ ಓದಬಹುದು ಎಂದರು.

ಚಿಕ್ಕಬೀರಮ್ಮ ಬೆಂಚಿನ ಮೇಲೆ ಕೂತುಬಿಟ್ಟಳು.

"ಅಯ್ಯೋ ಶಿವನೇ, ಅದು ಯೆಂಗ್ಸಲ್ಲ ಕಣ್ರವ್ವ, ನಮ್ ಮಾತು" ಎಂದು ಕನ್ನಡದಲ್ಲೇ ಅಂದಳು. ಮತ್ತೆ ಹಿಂದಿಯಲ್ಲಿ ಬಿಡಿಸಿ ಹೇಳಿದಳು.

ಸಾಹೇಬರು ಹೊಸದಾಗಿ ಬರೆದದ್ದನ್ನು ಅಡುಗೆಮನೆಗೆ ತಂದು, ಕಾಗದ ನೋಡಿಕೊಂಡು ಹಿಂದಿಯಲ್ಲಿ ಹೇಳುತ್ತಿದ್ದರು. ಚಪಾತಿ ಲಟ್ಟಿಸುತ್ತಾ ಕೇಳುತ್ತಿದ್ದ ಇವಳಿಗೆ ಕಥೆ ಮುಗಿದದ್ದೇ ತಿಳಿಯುತ್ತಿರಲಿಲ್ಲ. ಹಿಂದಿ ಮರೆತು, "ಆಮೇಲೆ?" ಅನ್ನುತ್ತಿದ್ದಳು. ಮೀನುಗಾರ ಬಾಗಿಲು ತಟ್ಟಿದ ಅನ್ನುವಲ್ಲಿಗೆ ನಿಲ್ಲಿಸಿದರೆ ಹೇಗೆ? ಒಳಗಿದ್ದವಳು ಬಾಗಿಲು ತೆಗೆದಳೋ ಇಲ್ಲವೋ? ಸಾಹೇಬರು ಸಿಡಿಮಿಡಿಗೊಂಡು, ಕಥೆಯೆಂದರೆ ಅಷ್ಟೇ ಎಂದು ವಾದಿಸಿ ಎದ್ದುಹೋಗುತ್ತಿದ್ದರು. ಮಾರನೆಯ ದಿನ ಇನ್ನೆರಡು ಪುಟ ಸೇರಿರುತ್ತಿದ್ದವು.

ರಹ್ಮಾ ಬಹಳ ಹೊತ್ತು ನಕ್ಕರು. ನಡುವೆ ಮೂಗೊರೆಸಿಕೊಂಡ ಸದ್ದೂ ಕೇಳಿಸಿತು. ಸಂಗತಿ ತಿಳಿದ ಗಂಡ ಅಂಕಯ್ಯ ಟೇಬಲ್ಲು ಒರೆಸುವುದನ್ನು ನಿಲ್ಲಿಸಿ ಹೆಂಡತಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಅತ್ತೊಂಬತ್ತು ಪುಟ ಬರುಸ್ಕಂಡೋಳೇ, ಒಲೆ ಮ್ಯಾಲೆ ಸಾರು ಸೀಯ್ತಾ ಅದೆ ಕಣಮ್ಮಿ, ನೋಡೋಗು" ಎಂದ.

ಅಂದಿನಿಂದ ಮೂರು ವಾರ ದಿನವೂ ಅದೇ ಹೊತ್ತಿಗೆ ಫೋನು. ರಹ್ಮಾ ಒಂದೊಂದೇ ಕಥೆ ಹೇಳುವರು. ಅದು ಮೊದಲು ಎಲ್ಲಿ ನಿಂತಿತ್ತು, ತಾನು ಕೇಳಿದ ಮೇಲೆ ಏನು ಸೇರಿತು ಎಂದು ಇವಳು ನೆನಪಿಸಿಕೊಳ್ಳುವಳು. ಯಾವ ಪ್ರತಿ ಮೊದಲಿನದು, ಯಾವುದು ನಂತರದ್ದು ಎಂಬುದು ಹೀಗೆ ಇತ್ಯರ್ಥವಾಯಿತು. ಅಷ್ಟು ದಿನವೂ ಪಾತ್ರೆ ತೊಳೆದವನು ಅಂಕಯ್ಯ.

ಕೊನೆಗೆ ಒಂದು ಕಥೆ ಉಳಿಯಿತು. ಅದರ ಅಂಚಿನಲ್ಲಿ ಏನೂ ಬರೆದಿರಲಿಲ್ಲ. ಮುದುಕನೊಬ್ಬ ದೋಣಿಗಾಗಿ ಕಾಯುತ್ತಾನೆ, ದೋಣಿ ಕಾಣಿಸುತ್ತದೆ, ಅಷ್ಟೇ. ಪತ್ರಿಕೆಯಲ್ಲಿ ಬಂದಾಗ ಸಾಹೇಬರ ಶ್ರೇಷ್ಠ ಕಥೆಯೆಂದು ವಿಮರ್ಶಕರು ಕೊಂಡಾಡಿದ್ದು ಅದನ್ನೇ. ಅದೊಂದನ್ನು ಕೇಳಿ ನೀವೇಕೆ ಸುಮ್ಮನಾದಿರಿ ಎಂದು ರಹ್ಮಾ ತಗ್ಗಿದ ದನಿಯಲ್ಲಿ ಕೇಳಿದರು.

ಆ ಮಧ್ಯಾಹ್ನ ಚಿಕ್ಕಬೀರಮ್ಮನಿಗೆ ಚೆನ್ನಾಗಿ ನೆನಪಿತ್ತು. ರಂಜಾನ್ ತಿಂಗಳು. ಬೆಳಗಿನಿಂದ ಸಂಜೆಯ ತಿಂಡಿಗೆಂದು ದುಡಿದು ಸಾಕಾಗಿತ್ತು. ದೋಣಿ ಕಾಣುವ ಮೊದಲೇ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಅರ್ಧ ಎಚ್ಚರದಲ್ಲಿ ಕಣ್ಣು ಬಿಟ್ಟರೆ, ಕೊನೆಗೂ ಇವಳ ಬಾಯಿ ಮುಚ್ಚಿಸಿದೆನೆಂಬ ಹಿಗ್ಗಿನಲ್ಲಿ ಸಾಹೇಬರು ಕಾಗದ ಮಡಿಸಿಕೊಂಡು ಹೊರಟಿದ್ದರು.

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಆಮೇಲೆ ರಹ್ಮಾ, ಇದನ್ನೂ ಮುನ್ನುಡಿಯಲ್ಲಿ ಬರೆಯಲೇ ಎಂದು ಕೇಳಿದರು.

ಚಿಕ್ಕಬೀರಮ್ಮ ಯೋಚಿಸಿದಳು. ನಿದ್ದೆ ಅಂತ ಬೇಡ, ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು ಅಂತ ಬರೆಯಿರಿ ಎಂದಳು. ಪುಸ್ತಕದಲ್ಲಿ ಹಾಗೆಯೇ ಅಚ್ಚಾಗಿದೆ.