ಲಿಸಾಂದ್ರೋಗೆ ಒಂದು ದಾನ್ಸೋನ್

ದೆಲ್ಫಿನಾ ಕೊಟ್ಟ ಚೀಟಿಯನ್ನು ಮೆಲಿತೋನ್ ಎರಡು ಸಲ ಓದಿದ. ಓದಿ, ಕನ್ನಡಕವನ್ನು ಹಣೆಗೇರಿಸಿ, ದೆಲ್ಫಿನಾಳ ಕಪ್ಪು ಉಡುಪನ್ನು ಕತ್ತಿನಿಂದ ಕಾಲಿನವರೆಗೂ ನೋಡಿದ. ಅದು ಕಪ್ಪಾಗಿದ್ದಕ್ಕೆ ಕಾರಣ ಇಷ್ಟೇ: ಬಿಳಿಯದನ್ನು ಒಗೆದು ಹಾಕಿದ್ದಳು, ಸಮುದ್ರದ ಕಡೆಯ ಮೋಡಕ್ಕೆ ಒಣಗಿರಲಿಲ್ಲ.

"ಯಾವಾಗಾಯ್ತು, ದೆಲ್ಫಿನಕ್ಕಾ?"

"ಭಾನುವಾರ."

"ಎಲ್ಲಿ?"

"ನದಿಯಾಚೆ ಪಾರ್ಕಲ್ಲಿ. ಕುಣೀತಾ ಇದ್ರು."

"ಕುಣೀತಾ ಇದ್ದಾಗ್ಲೇನಾ!" ಮೆಲಿತೋನ್ ಎದೆಯ ಮೇಲೆ ಶಿಲುಬೆ ಬರೆದುಕೊಂಡ. "ಪುಣ್ಯಾತ್ಮ. ಅಂಥಾ ಸಾವಿಗೂ ಪಡ್ಕೊಂಡು ಬಂದಿರ್ಬೇಕು. ನಾವೆಲ್ಲ ಆಸ್ಪತ್ರೆ ಮಂಚದ ಮೇಲೆ ಕೆಮ್ಮಿ ಕೆಮ್ಮಿ ಹೋಗೋರು."

ಲಿಸಾಂದ್ರೋ ಬೇರೆಯವಳ ಜೊತೆ ಕುಣಿದದ್ದನ್ನು ಕೇಳುತ್ತಿದ್ದಾನೆ ಎಂದುಕೊಂಡಿದ್ದಳು; ಮೆಲಿತೋನ್ ಕೇಳಿದ್ದು ಸಾವನ್ನು. ಆಗಲೇ ಹೇಳಬೇಕಿತ್ತು. 'ಬಿಡ್ತು ಅನ್ನು, ಗುಂಡುಕಲ್ಲಿನ ಹಾಗಿದಾರೆ, ಕೆಂಪು ಬೂಟಿನ ಉದ್ದನೆಯವಳೊಬ್ಬಳ ಬೆನ್ನ ಮೇಲೆ ಕೈಯಿಟ್ಟು ಕುಣೀತಿದ್ರು, ನಾನೇ ಕಣ್ಣಾರೆ ನೋಡ್ದೆ' ಎಂಬ ಮಾತು ದೆಲ್ಫಿನಾಳ ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಮೆಲಿತೋನ್ ಚೀಟಿಯನ್ನು ಜೇಬಿಗಿಳಿಸಿ ಚೌಕದ ವಾದ್ಯಮೇಳದ ಮಂಟಪದ ಮೆಟ್ಟಿಲು ಹತ್ತಿಯಾಯಿತು. ಆ ಮೇಳದಲ್ಲಿ ಗೆರೆ ಕೊರೆದ ಸೋರೆಬುರುಡೆಯನ್ನು ಕಡ್ಡಿಯಿಂದ ಕೆರೆದು ತಾಳ ಹಾಕುವವನೂ ಅವನೇ, ಜೋಡಿಯಾಗಿ ಕುಣಿಯುವ ದಾನ್ಸೋನ್ ರಾಗಗಳಲ್ಲಿ ಯಾವುದು ಯಾರ ಹೆಸರಿಗೆ ಎಂದು ಕೂಗುವವನೂ ಅವನೇ.

ಹನ್ನೊಂದು ವರ್ಷ, ಗುರುವಾರ ತಪ್ಪದೆ, ಈ ಚೌಕದಲ್ಲಿ ದೆಲ್ಫಿನಾ ಲಿಸಾಂದ್ರೋನ ಜೊತೆ ಕುಣಿದಿದ್ದಳು. ಅವನು ಬಂದರಿನಲ್ಲಿ ಕ್ರೇನು ಓಡಿಸಿ ನಿವೃತ್ತನಾದವ. ಅವಳು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿದು ಬದುಕುವವಳು, ಮದುವೆಯಿಲ್ಲ, ಅರವತ್ತೆರಡು ದಾಟಿದೆ. ಚೌಕದವರು ಒಬ್ಬರ ಮನೆಯನ್ನು ಇನ್ನೊಬ್ಬರು ಕೇಳುವುದಿಲ್ಲ. ಕಾಫಿಗೆ ಅವನು ಎರಡು ಚಮಚ ಸಕ್ಕರೆ ಹಾಕಿಕೊಳ್ಳುತ್ತಾನೆಂದು ಅವಳಿಗೆ ಗೊತ್ತು, ಪ್ರತಿ ತಿರುವಿಗೆ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾನೆಂದು ಗೊತ್ತು. ಯಾವ ಬೀದಿಯಲ್ಲಿದ್ದಾನೆಂದು ಗೊತ್ತಿಲ್ಲ. ಐದು ಗುರುವಾರ ಅವನು ಬರಲಿಲ್ಲ. ಐದು ಗುರುವಾರವೂ ಅವಳು ಕಬ್ಬಿಣದ ಬೆಂಚಿನಲ್ಲಿ ಪಕ್ಕದ ಜಾಗಕ್ಕೆ ಕೈಚೀಲವಿಟ್ಟು ಕೂತಳು. ಕೊನೆಗೆ ತಡೆಯಲಾರದೆ ಎರಡು ಬಸ್ಸು ಬದಲಿಸಿ ಭಾನುವಾರ ಕುಣಿತ ನಡೆಯುವ ನದಿಯಾಚೆಯ ಪಾರ್ಕಿಗೆ ಹುಡುಕಿಕೊಂಡು ಹೋದಳು. ಹೋಗಬಾರದಿತ್ತು.

ಚೀಟಿಯಲ್ಲಿ ಅವಳು ಬರೆದದ್ದು ಸುಳ್ಳೇನಲ್ಲ: 'ಲಿಸಾಂದ್ರೋಗೆ, ಹನ್ನೊಂದು ವರ್ಷ ಜೊತೆಗೆ ಕುಣಿದ ದೆಲ್ಫಿನಾಳಿಂದ.' ಬೇರೆ ಹೆಂಗಸರ ಹೆಸರುಗಳನ್ನು ಅವರವರ ಗಂಡಂದಿರು ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಕೂಗಿಸುತ್ತಿದ್ದರು. ಅವಳ ಹೆಸರನ್ನು ಯಾರೂ ಕೂಗಿಸಿರಲಿಲ್ಲ. ಒಂದೇ ಒಂದು ಸಲ ಎರಡೂ ಹೆಸರು ಧ್ವನಿವರ್ಧಕದಲ್ಲಿ ಒಟ್ಟಿಗೆ ಬರಲಿ, ಅವನ ಕಿವಿಗೆ ಯಾರಾದರೂ ಮುಟ್ಟಿಸಲಿ ಎಂದುಕೊಂಡಿದ್ದಳು, ಅಷ್ಟೇ.

"ಮನೆಮಂದಿಯೇ, ಕೇಳಿ!" ಮೆಲಿತೋನ್ ಕೂಗಿದ. "ಈ ದಾನ್ಸೋನು ಲಿಸಾಂದ್ರೋಗೆ! ಹನ್ನೊಂದು ವರ್ಷ ಜೊತೆಗೆ ಕುಣಿದ ನಮ್ಮ ದೆಲ್ಫಿನಕ್ಕನ ಕಡೆಯಿಂದ. ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ!"

ಚೌಕವೇ ಅಯ್ಯೋ ಎಂದಿತು. ಕಡಲೆಕಾಯಿ ಮಾರುವವನು ಕೂಡ ಗಾಡಿಯ ಗಂಟೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದ. ಎಲ್ಲರಿಗಿಂತ ಮೊದಲು ಓಡಿಬಂದವಳು ಚೋನಾ, ಪಕ್ಕದ ಬೆಂಚಿನವಳು.

"ಅಯ್ಯೋ ನನ್ನಮ್ಮಾ, ಒಂದ್ ಮಾತು ಹೇಳ್ಬಾರ್ದಿತ್ತೇನೇ? ಐದು ವಾರ ಕಾಣ್ಲಿಲ್ಲ ಅಂದಾಗ, ಯಾವಳ ಹಿಂದೇನೋ ಹೋದ ಅಂದ್ಕೊಂಡಿದ್ದೆ ಕಣೇ. ನಾನೊಬ್ಳು ಹಾಳಾದೋಳು, ನನ್ ಬಾಯಿಗೆ ಮಣ್ಣು ಹಾಕ!"

ಚೋನಾ ಬಿಗಿಯಾಗಿ ತಬ್ಬಿಕೊಂಡಳು. ದೆಲ್ಫಿನಾಳಿಗೆ ಅಳು ಬಂತು, ನಿಜವಾದ ಅಳು. ಅವಳನ್ನು ಹೀಗೆ ಯಾರಾದರೂ ತಬ್ಬಿ ಎಷ್ಟು ವರ್ಷವಾಗಿತ್ತೋ! ಲಿಸಾಂದ್ರೋ ಹಿಡಿದಿದ್ದನೇನೋ ಹೌದು, ಆದರೆ ಅದು ಕುಣಿತದ ಲೆಕ್ಕಕ್ಕೆ, ನಡುವೆ ಒಂದು ಗೇಣು ಬಿಟ್ಟು. ಒಬ್ಬರಾದ ಮೇಲೆ ಒಬ್ಬರು ಬಂದು ಕೈ ಹಿಡಿದರು, ಕೆನ್ನೆ ಸವರಿದರು. ಮದುವೆಯ ಊಟ ಕಾಣದವಳಿಗೆ ವಿಧವೆಯ ಮರ್ಯಾದೆ ಸಿಕ್ಕಿತು ನೋಡಿ. ಅವಳಿಗೆ ಅದು ಬೇಕೂ ಅನಿಸಿತು.

ಸತ್ತವರ ದಾನ್ಸೋನನ್ನು ಈ ಚೌಕದಲ್ಲಿ ಬದುಕಿರುವ ಜೊತೆಗಾರರು ಒಬ್ಬರೇ ಕುಣಿಯಬೇಕು. ಮಿಕ್ಕವರು ಟೋಪಿ ತೆಗೆದು, ತಲೆ ತಗ್ಗಿಸಿ, ಸುತ್ತ ನಿಲ್ಲುತ್ತಾರೆ. ತಲೆಯೆತ್ತಿ ನೋಡುವ ಹಾಗಿಲ್ಲ. ಸತ್ತವರು ಜೊತೆಗಿರುವಾಗ ನೋಡಬಾರದು. ಪಲ್ಲವಿ ಬಂದಾಗ ನಿಲ್ಲಬೇಕು, ರಾಗ ಮತ್ತೆ ಶುರುವಾದಾಗ ಹೆಜ್ಜೆ ಎತ್ತಬೇಕು. ಅದು ಎಲ್ಲ ದಾನ್ಸೋನಿಗೂ ಇರುವ ಕಟ್ಟಳೆಯೇ.

ದೆಲ್ಫಿನಾ ಚೌಕದ ನಡುವಿಗೆ ಬಂದಳು. ಎಡಗೈಯನ್ನು ಲಿಸಾಂದ್ರೋನ ಹೆಗಲಿನ ಎತ್ತರಕ್ಕೆ ಏರಿಸಿದಳು. ಎಷ್ಟೆತ್ತರ ಎಂದು ಕೈಗೇ ಗೊತ್ತಿತ್ತು. ಪಿಟೀಲುಗಳು ಮೆಲ್ಲಗೆ ಎದ್ದವು. ಮೊದಲ ಸುತ್ತು ಮುಗಿಸಿದಳು. ಇಷ್ಟು ಜನ ಸುತ್ತ ನಿಂತಿದ್ದರೂ ಒಂದು ಕಣ್ಣೂ ತನ್ನ ಮೇಲಿಲ್ಲವಲ್ಲ ಎನಿಸಿತು.

ಪಲ್ಲವಿ ಬಂತು. ನಿಂತು ಬೀಸಣಿಗೆ ಬಿಚ್ಚಿದಳು. ಆಗ ಕಂಡ.

ಚೌಕದಂಚಿನ ಕಮಾನುಗಳ ಕಡೆಯಿಂದ ಲಿಸಾಂದ್ರೋ ಬರುತ್ತಿದ್ದ. ಕೆಂಪು ಬೂಟಿನವಳು ತೋಳಿಗೆ ಜೋತುಬಿದ್ದಿದ್ದಳು. ಹೊಸ ಜೋಡಿಯನ್ನು ಹಳೆಯ ಮೇಳಕ್ಕೆ ತೋರಿಸಲು ಬಂದನೋ ಏನೋ. ಮೈಮೇಲೆ ದೆಲ್ಫಿನಾಳೇ ಹೊಲಿದುಕೊಟ್ಟ ಬಿಳಿ ಅಂಗಿ. ತಗ್ಗಿದ ತಲೆಗಳನ್ನು ನೋಡಿದವನೇ, ಹಳೆಯ ಚೌಕದವನಲ್ಲವೇ, ತಟ್ಟನೆ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಆಮೇಲೆ ಕಡಲೆಕಾಯಿಯವನ ಕಡೆ ಬಾಗಿ ಏನೋ ಕೇಳಿದ. ಯಾರು ಹೋದರು ಎಂದಲ್ಲದೆ ಇನ್ನೇನು ಕೇಳುತ್ತಾನೆ?

ಕಡಲೆಕಾಯಿಯವನು ನೆಲ ನೋಡುತ್ತಲೇ ಹೇಳಿದ.

ಲಿಸಾಂದ್ರೋ ನೆಟ್ಟಗಾದ. ತಲೆಗಳ ಮೇಲಿಂದ ಅವನ ಕಣ್ಣು ದೆಲ್ಫಿನಾಳನ್ನು ಹುಡುಕಿ ಹಿಡಿಯಿತು. ಮಂಟಪದ ಮೇಲೆ ಸೋರೆಬುರುಡೆಯ ತಾಳ ಒಂದು ಕ್ಷಣ ತಪ್ಪಿ ಮತ್ತೆ ಸೇರಿಕೊಂಡಿತು, ಮೆಲಿತೋನನೂ ನೋಡಿದ್ದ. ಈಗ ಕೂಗುತ್ತಾನೆ, ಈಗ ಎಲ್ಲರೂ ತಲೆಯೆತ್ತುತ್ತಾರೆ, ಇನ್ನು ಈ ಊರಲ್ಲಿ ಮುಖ ತೋರಿಸುವ ಹಾಗಿಲ್ಲ ಎಂದುಕೊಂಡಳು. ಓಡಿಹೋಗಬಹುದಿತ್ತು. ಬೀಸಣಿಗೆ ಬೀಸುತ್ತ ನಿಂತೇ ಇದ್ದಳು.

ಕೆಂಪು ಬೂಟಿನವಳು ಅವನ ತೋಳು ಜಗ್ಗಿ ಕಿವಿಯಲ್ಲಿ ಏನೋ ಹೇಳಿದಳು. ಲಿಸಾಂದ್ರೋನ ಟೋಪಿ ಎದೆಯಿಂದ ಮೇಲೆದ್ದು, ಗಲ್ಲದವರೆಗೆ ಬಂದು, ಅಲ್ಲೇ ನಿಂತಿತು.

ಕ್ಲಾರಿನೆಟ್ ರಾಗ ಎತ್ತಿತು. ದೆಲ್ಫಿನಾ ಬೀಸಣಿಗೆ ಮುಚ್ಚಿದಳು. ಅವನನ್ನೇ ನೋಡುತ್ತ, ಮತ್ತೆ ಅದೇ ಎತ್ತರಕ್ಕೆ ಕೈಯೇರಿಸಿದಳು.

ಟೋಪಿ ನಿಧಾನವಾಗಿ ಎದೆಗೆ ಇಳಿಯಿತು. ಕೆಂಪು ಬೂಟಿನವಳು ಜಗ್ಗುತ್ತಲೇ ಇದ್ದಳು. ಅವನು ಎಲ್ಲರ ಹಾಗೆ ತಲೆ ತಗ್ಗಿಸಿದ.

ದೆಲ್ಫಿನಾ ನಾಲ್ಕು ಹೆಜ್ಜೆ ಮುಂದೆ ಬಂದಳು, ನಾಲ್ಕು ಹೆಜ್ಜೆ ಹಿಂದೆ ಹೋದಳು. ತಿರುವು ಬಂತು. ತಿರುಗುವ ಮುನ್ನ, ಅವನು ಗಂಟಲು ಸರಿಮಾಡಿಕೊಳ್ಳುವಷ್ಟು ಹೊತ್ತು ಕಾದಳು.