ಎರಡು ಪದರ

"ಆಂಟಿ, ಒಂದ್ನಿಮಿಷ ಈ ಕಡೆ ಬರ್ತೀರಾ? ಇವೆರಡೂ ಒಂದೇ ಮಗುವಿನವು ತಾನೆ?"

ಸರಸ್ವತಮ್ಮ ಚಿಮಟವನ್ನು ತಟ್ಟೆಯ ಅಂಚಿಗೆ ಒರಗಿಸಿ ಎದ್ದರು. ತಟ್ಟೆಯ ತುಂಬ ಗುಹೆಯಿಂದ ತಂದು, ಜರಡಿ ಹಿಡಿದು, ತೊಳೆದು ಒಣಗಿಸಿದ ಮಣ್ಣು. ಬೆಳಗಿನಿಂದ ಆರಿಸಿದ್ದಕ್ಕೆ ಇಲಿಯ ಎರಡು ಪಕ್ಕೆಲುಬು, ಒಡೆದ ಬಸವನಹುಳುವಿನ ಚಿಪ್ಪು ಬಿಟ್ಟರೆ ಇನ್ನೇನೂ ಸಿಕ್ಕಿರಲಿಲ್ಲ.

ಕಿಟಕಿಯ ಪಕ್ಕದ ಮೇಜಿನ ಮೇಲೆ ಅಪರ್ಣಾ ಹತ್ತಿ ಹಾಸಿದ ಎರಡು ಡಬ್ಬಿಗಳನ್ನು ತೆರೆದಿಟ್ಟಿದ್ದಳು. ಬೆಂಗಳೂರಿನ ಹುಡುಗಿ, ಡಾಕ್ಟರೇಟ್ ಮಾಡಲು ಜಪಾನಿನ ಕೋಬೆಗೆ ಬಂದು ಇದು ಮೂರನೇ ವರ್ಷ. ವಿಶ್ವವಿದ್ಯಾಲಯದ ಆ ಮಹಡಿಯಲ್ಲಿ ಕನ್ನಡ ಆಡುವವರು ಇವರಿಬ್ಬರೇ. ಒಂದು ಡಬ್ಬಿಯಲ್ಲಿ ಹೆಬ್ಬೆರಳಿನಷ್ಟು ಉದ್ದದ ದವಡೆಯ ತುಂಡು. ಹದಿನಾರು ವರ್ಷಗಳ ಹಿಂದೆ ಸರಸ್ವತಮ್ಮನ ತಟ್ಟೆಯಲ್ಲೇ ಸಿಕ್ಕಿದ್ದು. ಇನ್ನೊಂದರಲ್ಲಿ ಒಂದು ಹಾಲುಹಲ್ಲು. ಅದು ಕಳೆದ ವಸಂತದಲ್ಲಿ ಹಳೆಯ ಚೀಲಗಳಲ್ಲಿ ಉಳಿದಿದ್ದ ಮಣ್ಣನ್ನು ಆರಿಸುವಾಗ ಸಿಕ್ಕಿತ್ತು. ಅದೂ ಸರಸ್ವತಮ್ಮನಿಗೇ.

"ಒಂದೇ ಮಗುವಿಂದು ಕಣಮ್ಮ. ದವಡೆ ಗೂಡಲ್ಲಿ ಹಲ್ಲು ಕೂರಿಸಿ ನೋಡಿದ್ವಲ್ಲ, ಬೀಗಕ್ಕೆ ಬೀಗದ ಕೈ ಕೂತಂಗೆ ಕೂತ್ಕೊಳ್ತು."

"ಹಂಗಿದ್ರೆ ಇದನ್ನ ಏನನ್ನೋದು ಹೇಳಿ." ಅಪರ್ಣಾ ಕಂಪ್ಯೂಟರನ್ನು ಅವರತ್ತ ತಿರುಗಿಸಿದಳು. "ದವಡೆ ವಯಸ್ಸು ಹದಿನಾಲ್ಕು ಸಾವಿರ ವರ್ಷ ಅಂತ ಆಗಲೇ ಅಳೆದಿದ್ರು. ಪೇಪರಲ್ಲಿ ಬಂದಿದ್ದೂ ಅದೇ, ಮ್ಯೂಸಿಯಂ ಬೋರ್ಡಲ್ಲಿರೋದೂ ಅದೇ. ಈಗ ಹಲ್ಲಿಂದು ರಿಸಲ್ಟ್ ಬಂದಿದೆ. ಒಂಬತ್ತು ಸಾವಿರ. ಒಂದೇ ಬಾಯೊಳಗೆ ಐದು ಸಾವಿರ ವರ್ಷ ಡಿಫರೆನ್ಸು!"

"ಮಷೀನು ತಪ್ಪಿರಬೇಕು."

"ಎರಡು ಸಲ ಮಾಡ್ಸಿದೀನಿ, ಆಂಟಿ. ಒಂದೇ ದಾರಿ ಇರೋದು. ಯಾರಾದ್ರೂ ದವಡೆಗೆ ಅಂಟು ಹಚ್ಚಿರಬೇಕು, ಪುಡಿಯಾಗದೆ ಇರ್ಲಿ ಅಂತ. ಆ ಅಂಟು ಪೆಟ್ರೋಲಿಯಂದು, ಕೋಟಿಗಟ್ಟಲೆ ವರ್ಷದ ಹಳೇ ಇಂಗಾಲ. ಮೂಳೆ ಜತೆ ಅದು ಬೆರೆತ್ರೆ ಮಷೀನ್ ಕಣ್ಣಿಗೆ ಮಗು ಮುದುಕಿ ಆಗ್ಬಿಡತ್ತೆ. ತೊಳೆದು ತೆಗೀಬಹುದು, ಆದ್ರೆ ಅಂಟು ಇದೆ ಅಂತ ಗೊತ್ತಿದ್ರೆ ತಾನೆ? ದವಡೆಯ ದಾಖಲೆ ಕಾರ್ಡ್ ನೋಡ್ದೆ. ಲೇಪನ ಅನ್ನೋ ಕಡೆ 'ಇಲ್ಲ' ಅಂತ ಎಷ್ಟು ಮುದ್ದಾಗಿ ಬರೆದಿದೆ."

ಆ ಮುದ್ದಾದ ಅಕ್ಷರ ಸರಸ್ವತಮ್ಮನದೇ.

"ನಾಳೆ ಗುರುವಾರ, ಕುರಾಮೊತೊ ಸೆನ್ಸೇ ಬರ್ತಾರೆ. ಅವರ ಮುಂದೆ ಇಡ್ಲೇಬೇಕು," ಎಂದಳು ಅಪರ್ಣಾ. ಗುಹೆ ಅಗೆಸಿದ ಹಿರಿಯ ಪ್ರೊಫೆಸರನ್ನು ಅಲ್ಲಿ ಎಲ್ಲರೂ ಸೆನ್ಸೇ, ಗುರುಗಳು, ಎಂದೇ ಕರೆಯುತ್ತಿದ್ದರು. "ನನ್ನ ಹಲ್ಲೇ ಕೆಟ್ಟಿದೆ ಅಂತಾರೆ, ಎತ್ತಿ ಪಕ್ಕಕ್ಕಿಡು ಅಂತಾರೆ. ಇಲ್ಲಾಂದ್ರೆ ಹೊರಗಿನೋರು ಇನ್ನೊಂದು ಹೇಳ್ತಾರೆ, ಕುರಾಮೊತೊ ಬೇಕಂತಲೇ ಮಾಡಿದ್ರು ಅಂತ. ಈ ದೇಶದಲ್ಲಿ ಅದೊಂದು ಮಾತು ಶುರುವಾದ್ರೆ ಮುಗೀತು, ಗೊತ್ತಲ್ಲ."

ಗೊತ್ತಿತ್ತು. ಇಪ್ಪತ್ತೈದು ವರ್ಷಗಳ ಹಿಂದೆ ಯಾರೋ ಒಬ್ಬ ತಾನೇ ಹೂತಿಟ್ಟ ಕಲ್ಲಿನ ಆಯುಧಗಳನ್ನು ತಾನೇ ಅಗೆದು ತೆಗೆದು, ಆದಿಮಾನವರದು ಎಂದು ನಂಬಿಸಿದ್ದ. ಶಾಲೆಯ ಪುಸ್ತಕಗಳನ್ನೇ ತಿದ್ದಬೇಕಾಗಿ ಬಂದಿತ್ತು. ಆಗ ಸರಸ್ವತಮ್ಮ ಇದೇ ಕಟ್ಟಡದ ಮೆಟ್ಟಿಲು ಒರೆಸುತ್ತಿದ್ದರು. ದೊಡ್ಡ ದೊಡ್ಡ ಪ್ರೊಫೆಸರುಗಳು ಲಿಫ್ಟಿನಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ನಿಂತಿರುತ್ತಿದ್ದುದು ಅವರಿಗೆ ಇನ್ನೂ ನೆನಪಿದೆ.

ಅವರು ಹಿಂತಿರುಗಿ ತಟ್ಟೆಯ ಮುಂದೆ ಕೂತರು. ಚಿಮಟ ಹಿಡಿದರೂ ಕೈ ಆಡಲಿಲ್ಲ.

*

ಗಂಡ ಲಿಂಗರಾಜು ಕೋಬೆಯ ಕಿತಾನೊ ಗುಡ್ಡದ ಮೇಲಿನ ಒಬ್ಬ ಭಾರತೀಯ ವರ್ತಕರ ಮನೆಯಲ್ಲಿ ಅಡುಗೆಗೆ ಇದ್ದರು. ಮದುವೆಯಾಗಿ ಬಹಳ ವರ್ಷದ ಮೇಲೆ ಸರಸ್ವತಮ್ಮನನ್ನು ಮೈಸೂರಿನಿಂದ ಕರೆಸಿಕೊಂಡರು. ಗಂಡ ಇಲ್ಲಿ ದುಡಿಯುತ್ತಿದ್ದ ಕಾಲಕ್ಕೆ ಹೆಂಡತಿ ಅಲ್ಲಿ ಹಗಲು ಊದುಬತ್ತಿ ಹೊಸೆದು, ಸಂಜೆ ವಯಸ್ಕರ ಶಾಲೆಗೆ ಹೋಗಿ ಹತ್ತನೇ ತರಗತಿ ಮುಗಿಸಿದ್ದರು. ಚಿಕ್ಕ ಮಕ್ಕಳ ಬೆಂಚು. ಮೊಣಕಾಲು ಒಳಗೆ ಹೋಗುತ್ತಿರಲಿಲ್ಲ, ಎಲ್ಲರೂ ಪಕ್ಕಕ್ಕೆ ತಿರುಗಿ ಕೂರುತ್ತಿದ್ದರು. ಸೀಮೆಸುಣ್ಣದ ವಾಸನೆ, ಹೊಸೆದ ಕೈಯ ಗಂಧದ ವಾಸನೆ ಎರಡೂ ಬೆರೆತು ಒಂದು ತರಹ ನಿದ್ದೆ ಬರುತ್ತಿತ್ತು.

ಉಮಾಶಂಕರ್ ಮೇಷ್ಟ್ರ ತರಗತಿಯಲ್ಲಿ ಮಾತ್ರ ನಿದ್ದೆ ಇಲ್ಲ. ಒಂದು ದಿನ ಅವರು ಗೋಡೆಗೆ ಒಂದು ಪಟ ನೇತುಹಾಕಿದರು. ಐದು ಜನ ಸಾಲಾಗಿ ನಡೆಯುತ್ತಿದ್ದಾರೆ; ಮೊದಲನೆಯದು ಕೋತಿ, ಕೊನೆಯವನು ನೆಟ್ಟಗೆ ನಿಂತ ಮನುಷ್ಯ.

"ಮೇಷ್ಟ್ರೇ, ಇದನ್ನ ಯಾರು ನೋಡಿದ್ರು?" ಎಂದು ಕೇಳಿದ್ದು ಸರಸ್ವತಿ.

"ಯಾರೂ ನೋಡಿಲ್ಲಮ್ಮ. ಸಿಕ್ಕಿದ ಚೂರುಗಳನ್ನ ಜೋಡಿಸಿದ್ದಾರೆ. ನಾಳೆ ಇನ್ನೊಂದು ಚೂರು ಸಿಕ್ರೆ ಪಟ ಬದಲಾಗತ್ತೆ."

"ಹಂಗಾದ್ರೆ ಇದನ್ಯಾಕೆ ಓದ್ಬೇಕು?"

"ಪರೀಕ್ಷೆಗೆ ಇದನ್ನೇ ಬರಿ ತಾಯಿ," ಎಂದು ಮೇಷ್ಟ್ರು ನಕ್ಕಿದ್ದರು. "ಬದಲಾದ ದಿವಸ ನಂಗೊಂದು ಕಾಗದ ಹಾಕು."

ಅವರ ತರಗತಿಯಲ್ಲಿ ರಬ್ಬರು ತರುವ ಹಾಗಿರಲಿಲ್ಲ. ತಪ್ಪು ಬರೆದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು. "ಅಳಿಸಿದ್ರೆ ನೀನು ಎಲ್ಲಿ ಎಡವಿದೆ ಅಂತ ನಂಗೆ ಹೆಂಗೆ ಗೊತ್ತಾಗಬೇಕು?" ಎನ್ನುತ್ತಿದ್ದರು. ಗೆರೆಗಳಿಂದ ತುಂಬಿದ ಆ ನೋಟುಪುಸ್ತಕ ಬಹಳ ಕಾಲ ಸರಸ್ವತಮ್ಮನ ಟ್ರಂಕಿನಲ್ಲಿತ್ತು. ಮೇಷ್ಟ್ರಿಗೆ ಕಾಗದ ಹಾಕುವುದು ಮಾತ್ರ ಆಗಲೇ ಇಲ್ಲ. ಮುಂದೆ ಕುರಾಮೊತೊ ಸೆನ್ಸೇ, ಮನುಷ್ಯರು ಹಾಗೆ ಸಾಲಾಗಿ ಬಂದವರಲ್ಲ, ಹೊಳೆ ಕವಲೊಡೆದು ಮತ್ತೆ ಕೂಡಿಕೊಂಡಂತೆ ಬಂದವರು ಎಂದು ಕಾಗದದ ಮೇಲೆ ಗೀಚಿ ತೋರಿಸಿದ ದಿನ ಮೇಷ್ಟ್ರ ನೆನಪಾಗಿತ್ತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು.

ಮೆಟ್ಟಿಲು ಒರೆಸುತ್ತಿದ್ದ ಸರಸ್ವತಮ್ಮ ಮಣ್ಣಿನ ತಟ್ಟೆಯ ಮುಂದೆ ಕೂತದ್ದೂ ಆಕಸ್ಮಿಕವೇ. ಒಂದು ಮಧ್ಯಾಹ್ನ ಕಸದ ಬುಟ್ಟಿ ಒಯ್ಯಲು ಬಂದವರು ವಿದ್ಯಾರ್ಥಿಯೊಬ್ಬ ಆರಿಸಿ ಮುಗಿಸಿದ್ದ ತಟ್ಟೆಯಲ್ಲಿ ಬೆರಳಿಟ್ಟು, "ಇಲ್ಲೊಂದು ಉಳಿದಿದೆ" ಎಂದರು. ಮೀನಿನ ಹಲ್ಲು, ಸಾಸಿವೆಯಷ್ಟು. ಹಿಂದೆ ನಿಂತಿದ್ದ ಕುರಾಮೊತೊ ಸೆನ್ಸೇ ಇನ್ನೊಂದು ತಟ್ಟೆ ತಂದು ಮುಂದಿಟ್ಟರು. ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು. ಅರ್ಧ ಗಂಟೆಯಲ್ಲಿ ಹನ್ನೊಂದು ಚೂರು ಹೆಕ್ಕಿಟ್ಟರು. ಮುಂದಿನ ತಿಂಗಳಿಂದ ಅದೇ ಕೆಲಸ.

"ನೋಡಪ್ಪ, ನಮ್ಮನೇಲಿ ಅಕ್ಕಿ ಆರಿಸ್ತಿದ್ದೋಳು ಈಗ ಮನುಷ್ಯರನ್ನ ಆರಿಸ್ತಾಳೆ," ಎಂದು ಲಿಂಗರಾಜು ಬಂದವರಿಗೆಲ್ಲ ಹೇಳುತ್ತಿದ್ದರು. ಸಂಬಳದ ಕಾಗದಕ್ಕೆ ಬೇಕೆಂದು ಪೇಟೆಗೆ ಕರೆದೊಯ್ದು ಒಂದು ಹಾಂಕೊ ಮಾಡಿಸಿಕೊಟ್ಟರು, ಸಹಿಯ ಬದಲು ಒತ್ತುವ ಪುಟ್ಟ ಮೊಹರು. ಪೂರ್ತಿ ಹೆಸರು ಅದರೊಳಗೆ ಹಿಡಿಯಲಿಲ್ಲ. ಅಂಗಡಿಯವನು 'ಸರಸು' ಎಂದಷ್ಟೇ ಕೊರೆದ. ಅಂದಿನಿಂದ ಪ್ರಯೋಗಾಲಯದಲ್ಲಿ ಅವರು ಸರಸು ಸಾನ್, ಎಂದರೆ ಸರಸು ಅವರು.

ದವಡೆ ಸಿಕ್ಕಿದ್ದು ಅದಾಗಿ ಒಂದೇ ವರ್ಷಕ್ಕೆ. ಸೆನ್ಸೇ ಎರಡು ವಾರ ಹೊಕ್ಕೈದೊಗೆ ಹೋಗಿದ್ದರು. ನವೆಂಬರಿನ ಒಣ ಗಾಳಿ. ಪ್ರತಿ ಬೆಳಗ್ಗೆ ಡಬ್ಬಿ ತೆರೆದರೆ ಹತ್ತಿಯ ಮೇಲೆ ಒಂದಿಷ್ಟು ಬಿಳಿ ಪುಡಿ, ದವಡೆ ಉದುರುತ್ತಿತ್ತು. ಮೂಳೆಗೆ ಏನನ್ನೇ ಹಚ್ಚುವ ಮೊದಲು ಕೇಳಬೇಕು, ಹಚ್ಚಿದರೆ ಬರೆಯಬೇಕು ಎಂಬುದು ಅವರಿಗೆ ತಿಳಿದಿತ್ತು. ಮೂರನೆಯ ದಿನ ಕೈ ತಡೆಯಲಿಲ್ಲ. ಮಡಕೆ ಚೂರುಗಳಿಗೆ ಹಚ್ಚುವ ಅಂಟಿನ ಬಾಟಲಿ ತೆಗೆದು, ಕೂಸಿನ ನೆತ್ತಿಗೆ ಎಣ್ಣೆ ಇಡುವಷ್ಟು ಹಗುರವಾಗಿ ಬ್ರಷ್ಷಿನಿಂದ ಹಚ್ಚಿದರು. ಒಣಗಿದ ಮೇಲೆ ಇನ್ನೊಮ್ಮೆ.

ಬರೆಯಲು ಕಾರ್ಡು ತೆಗೆದರೆ ಆ ಅಂಟಿನ ಹೆಸರು ಬರೆಯುವಷ್ಟು ಜಪಾನಿ ಅವರಿಗೆ ಆಗ ಬರುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಹುಡುಗರಿದ್ದರು. ನೆನ್ನೆ ಮೊನ್ನೆ ಪೊರಕೆ ಹಿಡಿದಿದ್ದವಳು ಅಕ್ಷರ ಬರದೆಂದು ಕೇಳುವುದೇ? ಜಾಗ ಖಾಲಿ ಬಿಟ್ಟರು. ಸೆನ್ಸೇ ಬಂದರು, ದವಡೆ ಅಳತೆಗೆ ಹೋಯಿತು, ಪತ್ರಿಕೆಯಲ್ಲಿ ಬಂತು. ಎರಡು ವರ್ಷದ ಮೇಲೆ ಹಳೆಯ ಕಾರ್ಡುಗಳನ್ನೆಲ್ಲ ಹೊಸದಾಗಿ ನಕಲು ಮಾಡುವ ಕೆಲಸ ಇವರಿಗೇ ಬಂತು. ಅಷ್ಟರಲ್ಲಿ ಅಕ್ಷರ ದುಂಡಗಾಗಿದ್ದವು. ಖಾಲಿ ಇದ್ದ ಕಡೆ 'ಇಲ್ಲ' ಎಂದು ತುಂಬಿಸಬೇಕೆಂಬುದು ನಿಯಮ. ಆ ಕಾರ್ಡು ಬಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಎರಡು ಹನಿ ಅಂಟಿನಿಂದ ಏನಾಗುತ್ತದೆ ಎಂದುಕೊಂಡು 'ಇಲ್ಲ' ಎಂದು ಬರೆದರು.

ಗುಹೆ ಇರುವ ಹಳ್ಳಿಯಲ್ಲಿ ಈಗ ಮುಚ್ಚಿದ ಶಾಲೆಯೇ ಮ್ಯೂಸಿಯಂ. ಅಲ್ಲಿ ದವಡೆಯ ಅಚ್ಚಿನ ಕೆಳಗೆ ಹದಿನಾಲ್ಕು ಸಾವಿರ ವರ್ಷ ಎಂದೂ, ಕಂಡುಹಿಡಿದವರು ಸರಸ್ವತಿ ಎಂದೂ ಬರೆದಿದೆ. ವರ್ಷಕ್ಕೊಮ್ಮೆ ಅವರು ಹೋದರೆ ಮಕ್ಕಳು ಸುತ್ತುವರಿದು 'ಹಲ್ಲಿನ ಅಜ್ಜಿ ಬಂದರು' ಎಂದು ಕೂಗುತ್ತಾರೆ. ತಮ್ಮ ಬಿದ್ದ ಹಲ್ಲುಗಳನ್ನು ಕಾಗದದಲ್ಲಿ ಸುತ್ತಿ ತಂದು ತೋರಿಸುತ್ತಾರೆ. ಲಿಂಗರಾಜು ತೀರಿಕೊಂಡ ವರ್ಷ ಆ ಮಕ್ಕಳು ಬರೆದ ಕಾಗದಗಳು ಅಲಮಾರಿಯಲ್ಲಿ ಇನ್ನೂ ಇವೆ.

*

ಗುರುವಾರ ಹತ್ತು ಗಂಟೆಗೆ ಸೆನ್ಸೇ ಬಂದರು. ಎಂಬತ್ತೆರಡು ವರ್ಷ, ಕೈಯಲ್ಲಿ ಕೋಲು, ಬಟ್ಟೆಯಲ್ಲಿ ಗಂಟು ಕಟ್ಟಿದ ಸಿಹಿಯ ಡಬ್ಬಿ. ಅಪರ್ಣಾ ಹಾಳೆಗಳನ್ನು ಮುಂದಿಟ್ಟು ಜಪಾನಿಯಲ್ಲಿ ವಿವರಿಸಿದಳು. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ಚಹಾ ಆರುತ್ತಿತ್ತು.

"ಬಹುಶಃ ನನ್ನ ಸ್ಯಾಂಪಲ್ಲೇ..." ಎಂದು ಅಪರ್ಣಾ ಶುರುಮಾಡಿದಳು. ಅವಳ ದನಿ ಇಳಿದುಹೋಗಿತ್ತು.

ಸರಸ್ವತಮ್ಮ ಎದ್ದು ನಿಂತರು. ಮಂಡಿ ನೋವಿಗೆ ಮೇಜಿನ ಅಂಚು ಹಿಡಿದುಕೊಂಡರು.

"ಸುಮಿಮಾಸೆನ್, ಸೆನ್ಸೇ, ಕ್ಷಮಿಸಿ. ದವಡೆಗೆ ಅಂಟು ಹಚ್ಚಿದವಳು ನಾನು."

ಸೆನ್ಸೇ ಹಾಳೆಯ ಮೇಲಿಂದ ಕಣ್ಣೆತ್ತಲಿಲ್ಲ.

"ಯಾವಾಗ?"

"ನೀವು ಹೊಕ್ಕೈದೊಗೆ ಹೋಗಿದ್ದಾಗ. ಅಳತೆಗೆ ಕಳಿಸುವ ಮೊದಲು."

"ಯಾವ ಅಂಟು?"

ಸರಸ್ವತಮ್ಮ ಕಪಾಟಿನ ಕೆಳಗಿನ ಅರೆಯಿಂದ ಬಾಟಲಿ ತಂದಿಟ್ಟರು. ತಳದಲ್ಲಿ ಹಳದಿ ಗಟ್ಟಿ ಉಳಿದಿತ್ತು. ಸೆನ್ಸೇ ಅದರ ಮೇಲಿನ ಚೀಟಿಯನ್ನು ಅಕ್ಷರ ಬಿಡದೆ ಬರೆದುಕೊಂಡರು.

"ಎಷ್ಟು ಪದರ?"

"ಎರಡು."

"ಒಳಗೆ ಇಳಿಯಿತೆ?"

"ಇಳಿಯಿತು. ಒಣ ನೆಲ ನೀರು ಕುಡಿದ ಹಾಗೆ ಕುಡಿಯಿತು."

ಅದನ್ನೂ ಬರೆದುಕೊಂಡರು. ಏಕೆ ಹೇಳಲಿಲ್ಲ ಎಂಬ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬಂತು.

"ಬರೆಯಲು ಬರಲಿಲ್ಲ. ಕೇಳಲು ನಾಚಿಕೆಯಾಯಿತು. ಬರೆಯಲು ಬಂದಾಗ..." ಸರಸ್ವತಮ್ಮ ನಿಲ್ಲಿಸಿದರು. "ಬರೆಯಲು ಬಂದಾಗ 'ಇಲ್ಲ' ಎಂದು ಬರೆದೆ."

ಸೆನ್ಸೇ ದವಡೆಯ ಡಬ್ಬಿಯನ್ನು ಎತ್ತಿಕೊಂಡು ಕಿಟಕಿಯ ಬಳಿ ಹೋದರು. ಕೆಳಗೆ ಬಂದರಿನಲ್ಲಿ ಒಂದು ಹಡಗು ನಿಂತಿತ್ತು. ಮೂಳೆಯನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಹೊರಳಿಸಿದರು. ಒಂದು ಮಗ್ಗುಲು ಮಿನುಗಿತು.

"ಈ ಹೊಳಪನ್ನು ನಾನು ಆಗಲೇ ನೋಡಿದ್ದೆ, ಸರಸು ಸಾನ್," ಎಂದರು, ಬೆನ್ನು ತಿರುಗಿಸಿಕೊಂಡೇ. "ಗುಹೆಯ ಸುಣ್ಣದ ಹೊಳಪು ಇರಬೇಕು ಎಂದುಕೊಂಡೆ. ಹದಿನಾಲ್ಕು ಸಾವಿರ ಎಂದು ಬಂದ ಮೇಲೆ ಹಾಗೆ ಅಂದುಕೊಳ್ಳುವುದು ಹಿತವಾಗಿತ್ತು. ನಿಮ್ಮನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ."

ಅವರು ಬಂದು ಡಬ್ಬಿಯನ್ನು ಅಪರ್ಣಾಳ ಮುಂದಿಟ್ಟರು.

"ಅಂಟು ತೊಳೆದು ಮತ್ತೆ ಅಳೆಯಿಸಿ. ಆಗ ದವಡೆಗೂ ಒಂಬತ್ತು ಸಾವಿರ ಬಂದರೆ ನಿಮ್ಮ ಹಲ್ಲು ಸರಿ. ಅಲ್ಲಿಯವರೆಗೆ ನನ್ನ ಮಾತನ್ನೂ ನಂಬಬೇಡಿ, ಸರಸು ಸಾನ್ ಮಾತನ್ನೂ ನಂಬಬೇಡಿ." ಮೂಗಿನ ತುದಿಗೆ ಜಾರಿದ್ದ ಕನ್ನಡಕದ ಮೇಲಿಂದ ನೋಡಿ, "ಹಳ್ಳಿಗೆ ನಾನು ಹೋಗಿ ಹೇಳುತ್ತೇನೆ," ಎಂದರು.

"ಬೇಡ ಸೆನ್ಸೇ. ಆ ಮಕ್ಕಳಿಗೆ ನಾನೇ ಹೇಳಬೇಕು."

"ಹಾಗಾದರೆ ಇಬ್ಬರೂ ಹೋಗೋಣ. ಬಸ್ಸಿಳಿದು ಹತ್ತುವ ಮೆಟ್ಟಿಲಿಗೆ ನನಗೂ ಒಬ್ಬರು ಬೇಕು."

ಅಪರ್ಣಾ ಸರಸ್ವತಮ್ಮನ ಪಕ್ಕಕ್ಕೆ ಬಂದು ಕನ್ನಡದಲ್ಲಿ ಪಿಸುಗುಟ್ಟಿದಳು. "ನೀವು ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಆಂಟಿ. ಬೋರ್ಡಿಂದ ನಿಮ್ಮ ಹೆಸರು ತೆಗೆದ್ರೆ?"

"ತೆಗೀಲಿ ಬಿಡು. ಆ ಹಲ್ಲೂ ನಾನೇ ಆರಿಸಿದ್ದಲ್ವೇನೆ? ಅದನ್ನ ಸುಳ್ಳು ಮಾಡ್ಲಾ? ಹೋಗು, ಆ ಕಾರ್ಡ್ ತಗೊಂಡು ಬಾ."

ಅವಳು ಕಾರ್ಡು ತಂದಳು, ಜೊತೆಗೆ ಒಂದು ಖಾಲಿ ಕಾರ್ಡನ್ನೂ. "ಹೊಸದರಲ್ಲಿ ನೀಟಾಗಿ ಬರೆದುಬಿಡಿ. ಹಳೇದು ಯಾಕೆ?"

ಸರಸ್ವತಮ್ಮ ಖಾಲಿ ಕಾರ್ಡನ್ನು ಪಕ್ಕಕ್ಕೆ ಸರಿಸಿದರು. ಚೀಲದ ಒಳ ಜೇಬಿನಿಂದ ಹಾಂಕೊ ತೆಗೆದರು. ಅದರ ಚರ್ಮದ ಚೀಲದ ಹೊಲಿಗೆ ಬಿಚ್ಚಿದ್ದಾಗ ಲಿಂಗರಾಜು ಹಾಕಿಕೊಟ್ಟಿದ್ದ ನೀಲಿ ದಾರ ಇನ್ನೂ ಗಟ್ಟಿಯಾಗಿತ್ತು. ಸೆನ್ಸೇ ಸ್ಕೇಲನ್ನು ಅವರತ್ತ ತಳ್ಳಿದರು. ಜಪಾನಿನಲ್ಲಿ ತಿದ್ದಲು ಎರಡು ಗೆರೆ ಬೇಕು, ಮೇಷ್ಟ್ರ ತರಗತಿಗಿಂತ ಒಂದು ಹೆಚ್ಚು.

ಸ್ಕೇಲಿಟ್ಟು 'ಇಲ್ಲ' ಎಂಬುದರ ಮೇಲೆ ಎರಡು ಗೆರೆ ಎಳೆದರು. ಪಕ್ಕದಲ್ಲಿ ಅಂಟಿನ ಹೆಸರು, ಅದರ ಕೆಳಗೆ 'ಎರಡು ಪದರ', ಆ ನವೆಂಬರು, ಇವತ್ತಿನ ತಾರೀಖು. ಅಂಟಿನ ಹೆಸರು ಬರೆಯುವಾಗ ಯಾರನ್ನೂ ಕೇಳಬೇಕಾಗಲಿಲ್ಲ. ವಯಸ್ಸಿನ ಸಾಲನ್ನು ಮುಟ್ಟಲಿಲ್ಲ. ಅದು ಮತ್ತೆ ಅಳೆದು ಬಂದ ಮೇಲಿನ ಮಾತು. ಹಾಂಕೊವನ್ನು ಕೆಂಪು ಮಸಿಗೆ ಒತ್ತಿ, ಗೆರೆಗಳ ಮೇಲೆ ನೆಟ್ಟಗೆ ಇಟ್ಟು, ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿದರು.

ಮಸಿ ಆರಲೆಂದು ಕಾರ್ಡನ್ನು ಕಿಟಕಿಯ ಕಟ್ಟೆಗೆ ಒರಗಿಸಿ, ತಮ್ಮ ಜಾಗಕ್ಕೆ ಹೋಗಿ ಕೂತರು. ಸೆನ್ಸೇ ಸಿಹಿಯ ಡಬ್ಬಿಯ ಗಂಟು ಬಿಚ್ಚುತ್ತಿದ್ದರು. ಸರಸ್ವತಮ್ಮ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಮೆಲ್ಲಗೆ ಕುಲುಕಿದರು. ಮಣ್ಣು ಸಮವಾಗಿ ಹರಡಿಕೊಂಡಿತು. ಅಲ್ಲಿಂದ ಕಾರ್ಡು ಕಾಣುತ್ತಿತ್ತು. ಕೆಂಪು ವೃತ್ತದ ಒಳಗೆ 'ಸರಸು', ಅದರ ಅಡಿಯಲ್ಲಿ ಎರಡು ಗೆರೆ. ಗೆರೆಗಳ ಅಡಿಯಲ್ಲಿ ಆ ದುಂಡನೆಯ 'ಇಲ್ಲ' ಇನ್ನೂ ಓದುವಂತಿತ್ತು.