ಐವತ್ತೇಳಕ್ಕೆ ಜಾಗವಿಲ್ಲ

ರಾಜೇಂದ್ರ ತೂಕದ ಮೆಷಿನ್ ಹತ್ತಿ ನಿಂತ. ಕೆಂಪಗೆ ಅಂಕಿ ಬಿತ್ತು: 57.0.

ತಿ. ನರಸೀಪುರದ ಮೈದಾನದಲ್ಲಿ ಅವತ್ತು ಕುಸ್ತಿಯ ಜೋಡಿ ಕಟ್ಟುವ ದಿನ. ತೂಕ ನೋಡಿ, ಸರಿಸಾಟಿ ಪೈಲ್ವಾನರನ್ನು ಜನರೆದುರು ಕೈ ಕೂಡಿಸಿ ನಿಲ್ಲಿಸುತ್ತಾರೆ. ಇಲ್ಲಿ ಜೋಡಿ ಸಿಗದವನು ಭಾನುವಾರ ಕುಸ್ತಿಯ ಅಖಾಡಕ್ಕೆ ಇಳಿಯುವಂತಿಲ್ಲ. ಹೆಮ್ಮರಗಾಲದ ರಾಜೇಂದ್ರ ಹಗಲು ನಂಜನಗೂಡಿನ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು, ಸಂಜೆ ಚಾಮಯ್ಯ ಉಸ್ತಾದರ ಗರಡಿಯಲ್ಲಿ ಸಾಮು ಮಾಡಿ, ವರ್ಷವಿಡೀ ಕಾದಿದ್ದು ಈ ಒಂದು ಕುಸ್ತಿಗೆ.

ಸಮಿತಿಯ ಕಾರ್ಯದರ್ಶಿ ಶಂಭುಲಿಂಗಪ್ಪ ಅಂಕಿ ನೋಡಿದರು, ಹಿಂದಿದ್ದ ಕರಿಹಲಗೆ ನೋಡಿದರು. "ನಿಂಗೆ ಗುಂಪಿಲ್ಲ ಕಣಪ್ಪ. ಇಳಿ."

"ಯಾಕ್ ಸಾ?"

"ಬೋರ್ಡ್ ಓದು. 53ಕ್ಕಿಂತ ಹೆಚ್ಚು, 57ಕ್ಕಿಂತ ಕಡಿಮೆ, ಅದೊಂದು ಗುಂಪು. 57ಕ್ಕಿಂತ ಹೆಚ್ಚು, 61ಕ್ಕಿಂತ ಕಡಿಮೆ, ಇದೊಂದು. ನೀನು ಹೆಚ್ಚೂ ಅಲ್ಲ, ಕಡಿಮೆನೂ ಅಲ್ಲ."

ಸಾಲಿನಲ್ಲಿದ್ದವರು ಗೊಳ್ಳೆಂದರು.

"ಒಂದ್ ಚೊಂಬು ನೀರ್ ಕುಡ್ಕೊ ಬಾರ್ಲಾ, ಮೇಲಿನ ಗುಂಪಿಗೆ ಓಯ್ತೀಯೆ!"

"ಬ್ಯಾಡ, ಮರದ ಮರೆಗೆ ಓಗ್ಬುಟ್ಟು ಬಾ, ಕೆಳಗಿನದಕ್ಕೆ ಬತ್ತೀಯೆ!"

ಚಾಮಯ್ಯನವರೂ ಹತ್ತಿರ ಬಂದು ಪಿಸುಗುಟ್ಟಿದರು. "ಮಾಡ್ಬುಡ್ಲಾ. ನೀರ್ ಕುಡಿಯಕ್ಕೇನು ರೋಗ?"

ರೋಗವೇನಿಲ್ಲ. ಆದರೆ ರಾಜೇಂದ್ರನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ತಪ್ಪು ಬರೆದವರು ಅವರು, ತಿದ್ದಿಕೊಳ್ಳಬೇಕಾದ್ದು ತನ್ನ ಮೈಯೇ?

"ನಾನು ಕುಡಿಯಾಕೂ ಇಲ್ಲ, ಉಯ್ಯಾಕೂ ಇಲ್ಲ. ನನ್ ತೂಕ ಸರ್ಯಾಗದೆ. ನಿಮ್ ಬೋರ್ಡೇ ಸರಿ ಇಲ್ಲ."

"ಎಷ್ಟು ಓದಿದ್ದೀಯಪ್ಪ, ನಂಗೆ ಪಾಠ ಹೇಳಕ್ಕೆ?"

"ಪಿಯುಸಿ ಅರ್ಧಕ್ಕೆ ಬಿಟ್ಟೋನು. ನನ್ ತಂಗಿ ಬಿಟ್ಟಿಲ್ಲ. ಏಮಾ, ಬಾ ಇಲ್ಲಿ!"

ಬುತ್ತಿಚೀಲ ಹಿಡಿದು ನಿಂತಿದ್ದ ಹೇಮಲತಾ ಅಳುಕುತ್ತಲೇ ಬಂದು ಸೀಮೆಸುಣ್ಣ ಎತ್ತಿಕೊಂಡಳು. ಆ ಎರಡು ಸಾಲಿನ ಕೆಳಗೆ ಬರೆದಳು: (53, 57) ∪ (57, 61).

"ದುಂಡು ಬ್ರಾಕೆಟ್ ಅಂದ್ರೆ ತುದಿ ನಂಬರು ಒಳಕ್ಕೆ ಸೇರಲ್ಲ ಸಾ. ನೀವು ಬರೆದಿರೋದು ಇದೇ. ಎರಡು ಗುಂಪನ್ನೂ ಕೂಡ್ಸಿದ್ರೂ ಮಧ್ಯದಲ್ಲಿ ಐವತ್ತೇಳು ಒಂದು ತೂತು. ಯಾವ್ದಾದ್ರೂ ಒಂದು ಕಡೆ ಚೌಕ ಬ್ರಾಕೆಟ್ ಹಾಕಿ. ಆಗ ಅದು ಒಳಗೆ."

"ಪಾಂಪ್ಲೆಟ್ ಹಂಚಿ ಆಗಿದೆ ಕಣಮ್ಮ, ಇವನೊಬ್ಬನಿಗೋಸ್ಕರ ಬದಲಾಯ್ಸಕ್ಕಾಗುತ್ತಾ? ಇಳಿಯೋ ಕೆಳಗೆ!"

"ಇಳಿಯಾಕಿಲ್ಲ."

ಇದ್ದದ್ದು ಒಂದೇ ಮೆಷಿನ್ನು. ಅದರ ಮೇಲೆ ರಾಜೇಂದ್ರ ಕೈಕಟ್ಟಿ ನಿಂತುಬಿಟ್ಟ. ಸಾಲು ಗೇಟು ದಾಟಿತು, ಬಿಸಿಲು ಸುರಿಯಿತು, ಆಗ ನಕ್ಕವರೇ ಈಗ ಅಮ್ಮ ಅಕ್ಕ ಅಂತ ಬೈದರು. ಒಬ್ಬ ತೋಳು ಹಿಡಿದು ಜಗ್ಗಿದ. ಮೂಟೆ ಹೊತ್ತ ಕಾಲು, ಕದಲಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: "ಅಲ್ಲಾ ಕಣ್ರಲಾ, ನಾನು ಅರವತ್ತೊಂದು! ಬೋರ್ಡಲ್ಲಿ ಅದೂ ಅಂಗೇ ಅದಲ್ಲಾ. ನಂಗೂ ಇದೇ ಗತಿಯಾ?"

ಬೈಗುಳ ನಿಂತಿತು. ಒಬ್ಬೊಬ್ಬರೂ ತಮ್ಮ ತಮ್ಮ ತೂಕ ನೆನೆದು ಹಲಗೆ ನೋಡತೊಡಗಿದರು. "ತಿದ್ದಿ ಸಾ!" ಎಂದು ಯಾರೋ ಕೂಗಿದ್ದೇ ತಡ, ಇಡೀ ಸಾಲೇ ಕೂಗಿತು.

ಶಂಭುಲಿಂಗಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. ಹಲ್ಲು ಕಚ್ಚಿ ನಕ್ಕರು. "ಹಾಕಮ್ಮ ಚೌಕ. ಎಲ್ಲಾ ಸಾಲಿಗೂ ಹಾಕು. ಆದ್ರೆ ನಿಮ್ಮಣ್ಣನ್ನ ಮೇಲಿನ ಗುಂಪಿಗೇ ಸೇರ್ಸು. ನಮ್ಮ ಮಲ್ಲಿಕಾರ್ಜುನನಿಗೆ ಜೋಡಿ ಮಾಡ್ತೀನಿ."

ಮಲ್ಲಿಕಾರ್ಜುನ ಅವರ ಅಕ್ಕನ ಮಗ, ಹೋದ ವರ್ಷ ಗೆದ್ದವನು. ಅರವತ್ತೂವರೆ ಕೆಜಿ.

"ಬ್ಯಾಡ ಕಣ್ಲಾ, ಮೂಳೆ ಎಣಿಸ್ಬುಡ್ತಾನೆ," ಎಂದರು ಚಾಮಯ್ಯ. ಹೇಮಲತಾಳ ಕೈ ನಿಂತಿತು. ಅಣ್ಣನ ಮುಖ ನೋಡಿದಳು.

"ಆಕು," ಎಂದ ರಾಜೇಂದ್ರ.

ಅವಳು ಬರೆದಳು: [57, 61).

ಆಮೇಲೆ ಅವನು ಇಳಿದ. ತಮಟೆ ಮೊಳಗಿತು. ಮಲ್ಲಿಕಾರ್ಜುನ ಕೈ ಚಾಚಿ, ಬೆರಳು ನುರಿಯುವಂತೆ ಹಿಸುಕಿ ಹಲ್ಲು ಕಿರಿದ. "ಎಲ್ಲೂ ಸೇರದೋನು ನೀನೇನಾ?"

"ಈಗ ನಿನ್ ಗುಂಪಲ್ಲೇ ಇವ್ನಿ. ಆಚೆಗೆ ಆಕು ನೋಡವಾ."

ತಮಟೆ ನಿಂತಿತು, ಮುಂದಿನ ಜೋಡಿಯ ಹೆಸರು ಕೂಗಿದರು. ರಾಜೇಂದ್ರ ಹಿಡಿದ ಕೈ ಬಿಡಲಿಲ್ಲ.